ಹುನಗುಂದದ ಕಣದಲ್ಲಿ ವಾಲಿಸಿಟ್ಟ ಹಾಯಿದೋಣಿ

1981ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಹುನಗುಂದದ ಹೊರಗಿನ ಒಕ್ಕಲು ಕಣವೊಂದರಲ್ಲಿ, ಸಮುದ್ರಕ್ಕೆಂದು ಕಟ್ಟಿದ್ದ ಹಾಯಿದೋಣಿ ಮಗ್ಗುಲಿಗೆ ಉರುಳಿ ನನ್ನ ಸೋದರಮಾವನ ಎಡಗಾಲು ಮುರಿಯಿತು. ಅಲ್ಲಿಂದ ಸಮುದ್ರ ಒಂದು ಇಡೀ ಹಗಲಿನ ಬಸ್ ಪ್ರಯಾಣದಷ್ಟು ದೂರ. ಕಣ್ಣಳತೆಯಲ್ಲಿ ಒಂದು ಹೊಳೆಯೂ ಇರಲಿಲ್ಲ. ದೋಣಿಯ ಒಳಗೆ ಆಗ ಇದ್ದವರು ಮಾವ ಮತ್ತು ಅತ್ತೆ ಇಬ್ಬರೇ. ಅತ್ತೆಗೆ ಒಂದು ತರಚು ಗಾಯವೂ ಆಗಲಿಲ್ಲ.

ನಾನು ಆಗ ಬಾಗಲಕೋಟೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಸುದ್ದಿ ನನಗೆ ಸಿಕ್ಕಿದ್ದು ಬಸ್ ನಿಲ್ದಾಣದ ಚಹಾದಂಗಡಿಯ ಮುಂದೆ, ಹುನಗುಂದದ ಬಸ್ಸಿನಿಂದ ಇಳಿದ ಕಂಡಕ್ಟರನ ಬಾಯಿಂದ.

"ಸಾಹೇಬ್ರ, ನಿಮ್ಮ ಮಾವನ ನಾವಿ ಮುಳಗೇತಂತ್ರಿ."

"ಎಲ್ಲಿ?"

"ಹುನಗುಂದದಾಗ್ರಿ."

ಅವನು ನಗಲಿಲ್ಲ. ನಾನೂ ನಗಲಿಲ್ಲ. ನಮ್ಮ ಕಡೆ ಹೊಳೆ ದಾಟಿಸುವ ದೋಣಿಗೆ ನಾವಿ ಎನ್ನುತ್ತಾರೆ. ಸಮುದ್ರದ ದೋಣಿಗೆ ಬೇರೆ ಹೆಸರು ಊರಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಆ ಕಣದಲ್ಲಿ ಕಟ್ಟಲು ಶುರು ಮಾಡಿದ ದಿನದಿಂದ ಅದೂ ನಾವಿಯೇ ಆಗಿತ್ತು.

ಮಾವ ಎಳೆ ಹರೆಯದಲ್ಲೇ ಮುಂಬೈಗೆ ಹೋಗಿ, ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದವರು. ಒಂದು ಕರಾರು ಮುಗಿದರೆ ಊರಿಗೆ ಬರುವುದು, ಒಂದೆರಡು ತಿಂಗಳು ಇದ್ದು ಮತ್ತೆ ಹೊರಡುವುದು. ಸುಮಾರು ಮೂವತ್ತು ವರ್ಷ ಹೀಗೇ ನಡೆಯಿತು. ಅತ್ತೆ ಇಳಕಲ್‌ನ ಮನೆಯೊಂದರ ಮಗಳು. ಮದುವೆಯಾಗಿ ಹುನಗುಂದಕ್ಕೆ ಬಂದವರು ಅಲ್ಲಿಂದ ಕದಲಲಿಲ್ಲ. ಗಂಡನ ತಂದೆತಾಯಿಯನ್ನು ಕೊನೆಗಾಲದವರೆಗೆ ನೋಡಿಕೊಂಡರು, ಆಮೇಲೆ ಹೊಲ ನೋಡಿಕೊಂಡರು. ಮಕ್ಕಳಾಗಲಿಲ್ಲ. ಮಾವ ರಜೆಗೆ ಬಂದಾಗ ಬಂದರುಗಳ ಹೆಸರು ಹೇಳುತ್ತಿದ್ದರು. ಸಮುದ್ರ ಹೇಗಿರುತ್ತದೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದರು. ಎಂಜಿನ್ ಕೋಣೆ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿ ಕಿಟಕಿ ಇಲ್ಲ.

1978ರಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಬಂದರು. ಬಂದ ಕೆಲವೇ ವಾರಗಳಲ್ಲಿ ಬಾದಾಮಿಯ ನಮ್ಮ ಮನೆಗೆ, ತಮ್ಮ ಅಕ್ಕನನ್ನು ಕಾಣಲು ಬಂದರು. ನಾನು ರಜೆಯ ಮೇಲೆ ಮನೆಯಲ್ಲಿದ್ದೆ. ಅವ್ವ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು.

"ಅಕ್ಕಾ, ನಾ ಒಂದ ನಾವಿ ಕಟ್ಟಸಾಂವ ಅದೀನಿ. ಹಾಯಿ ನಾವಿ. ಇಂಜಿನ್ ಇಲ್ಲದ್ದು."

"ಮಲಪ್ರಭಾ ದಾಟಾಕ ಬ್ರಿಜ್ಜ ಐತೆಲ್ಲೋ ತಮ್ಮಾ."

"ಹೊಳಿಗಲ್ಲಕ್ಕ. ಸಮುದ್ರಕ್ಕ. ಆಫ್ರಿಕಾ ಕಡೆ ಹೋಗೂದು. ಗಾಳಿ ಇದ್ದ ಕಡೆ ಹೋಗೂದು. ಅದರಾಗ ಇರೂದು."

ಅವ್ವ ಮೊರ ಕೆಳಗಿಟ್ಟಳು. "ಮತ್ತ ಅಕಿ?"

"ಅಕೀನೂ ಬರತಾಳ."

"ಕೇಳಿಯೇನು ಅಕಿನ್ನ?"

"ಕೇಳೇನಿ. ಮನಿಯಂಗ ಇದ್ದರ ಬರತೇನಿ ಅಂದಾಳ."

ಅವ್ವ ಮೊರ ಮತ್ತೆ ಎತ್ತಿಕೊಂಡಳು. ಆಕೆಯ ಮುಖದಲ್ಲಿ ಸಮಾಧಾನ ಕಂಡಿತು. ಮಾವ ಹೋದ ಮೇಲೆ ನನಗೆ ಹೇಳಿದಳು: "ಶಾಣ್ಯಾಕಿ. ಬರಂಗಿಲ್ಲ ಅಂತ ಬಾಯಿ ಬಿಟ್ಟ ಹೇಳಲಾರದ ಹಂಗ ಅಂದಾಳ. ನೀರಾಗಿಂದು ಎಂದರ ಮನಿಯಂಗ ಇರತೈತೇನು?"

ಬಂಧುಬಳಗದಲ್ಲಿ ಎಲ್ಲರೂ ಹಾಗೆಯೇ ತಿಳಿದರು. ಮುಂದಿನ ಮೂರು ವರ್ಷ ನಮ್ಮಲ್ಲಿ ಯಾರು ಯಾರಿಗೆ ಭೇಟಿಯಾದರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಆಕೆ ಹೋಗುತ್ತಾಳೋ ಇಲ್ಲವೋ. ದೋಣಿ ತೇಲುತ್ತದೆಯೇ ಎಂದು ಕೇಳಿದವರು ಕಡಿಮೆ.

ಮಾವ ಮಾತ್ರ ಆ ಮಾತನ್ನು ಹೇಳಿದಂತೆಯೇ ತೆಗೆದುಕೊಂಡರು. ಮುಂಬೈಯ ಫುಟ್‌ಪಾತ್‌ನಲ್ಲಿ ಕೊಂಡ ಹಳೆಯ ಪುಸ್ತಕವೊಂದರಲ್ಲಿ ಅಂಥ ದೋಣಿಯ ನಕಾಶೆ ಇತ್ತು. ಹೊರಮೈಯನ್ನು ಅವರು ಅದರಂತೆಯೇ ಕಟ್ಟಿಸಿದರು. ತೇಗ ದಾಂಡೇಲಿಯಿಂದ ಲಾರಿಯಲ್ಲಿ ಬಂತು. ಕೆಲಸ ಹಿಡಿದವರು ಹುನಗುಂದದಲ್ಲಿ ಬಂಡಿ, ಬಾಗಿಲು ಮಾಡುವ ಬಡಿಗರು. ಹಾಯಿ ಹೊಲಿದವರು ಇಳಕಲ್‌ನಲ್ಲಿ ಲಾರಿಗೆ ತಾಡಪತ್ರಿ ಹೊಲಿಯುವವರು. ಒಳಗಿನ ನಕಾಶೆ ಮಾತ್ರ ಮಾವನಿಗೆ ಸರಿಕಾಣಲಿಲ್ಲ. ಅದರಲ್ಲಿ ಮಲಗುವ ಜಾಗ ಒಂದು ಮೈ ಹಿಡಿಯುವಷ್ಟು ಅಗಲವಿದ್ದು, ಪಕ್ಕಕ್ಕೆ ಹಲಗೆ ಏರಿಸುವಂತೆ ತೋರಿಸಿತ್ತು. ಅಡುಗೆಯ ಜಾಗದಲ್ಲಿ ಒಬ್ಬರು ನಿಂತರೆ ತಿರುಗಲು ಆಗದಷ್ಟು ಇಕ್ಕಟ್ಟು.

"ನೋಡಿಲ್ಲೆ, ಹೆಣದ ಪೆಟಿಗಿ ಇದ್ದಂಗೈತಿ," ಎಂದು ಆ ಪುಟ ತೋರಿಸಿದರು. "ಇದರಾಗ ಅಕಿನ್ನ ಮಲಗಸೂದೇನು? ನನ್ನ ಜೀವಮಾನ ಎಲ್ಲಾ ಇಂಥಾ ಬಂಕಿನ್ಯಾಗ ಹೋಗೇತಿ."

ಹೀಗಾಗಿ ದೋಣಿಯ ಒಳಗು ಹುನಗುಂದದ ಮನೆಯಾಯಿತು. ನಡುವೆ ನಾಲ್ವರು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವಂಥ ಪಡಸಾಲೆ. ಒಂದು ಕಡೆ ಇಬ್ಬರು ಕೈಕಾಲು ಚಾಚಿ ಮಲಗುವಂಥ ಹಾಸಿಗೆ. ಎದುರಿಗೆ ಅಡುಗೆಮನೆ, ನುಣುಪು ಫರಸಿಕಲ್ಲಿನ ನೆಲ, ರೊಟ್ಟಿ ಬಡಿಯಲು ಕಟ್ಟೆ. ಮೊದಲ ಸಲ ಏಣಿ ಹತ್ತಿ ಒಳಗಿಳಿದಾಗ ನಾನು ಬೆಚ್ಚಿದೆ. ಹೊರಗಿನಿಂದ ಅದು ದೋಣಿ. ಒಳಗೆ ಅತ್ತೆಯ ಮನೆಯಲ್ಲಿ ಚಪ್ಪಲಿ ಬಿಟ್ಟು ನಿಂತಂತಿತ್ತು.

ಅತ್ತೆ ತಾವಾಗಿ ಕೇಳಿದ್ದು ಒಂದನ್ನೇ. ಅವರು ಪ್ರತಿದಿನ ಬೆಳಿಗ್ಗೆ ಲಿಂಗಪೂಜೆ ಮಾಡಿಕೊಳ್ಳುವವರು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಪತ್ರಿ, ವಿಭೂತಿ. ಪೂಜೆ ಮುಗಿಯುವವರೆಗೆ ಎರಡು ಕೈಯೂ ಬೇರೆ ಯಾವುದಕ್ಕೂ ಸಿಗುವುದಿಲ್ಲ.

"ನೀರಿನ ಮ್ಯಾಲ ಒಂದ ಕೈ ಯಾವಾಗ್ಲೂ ಹಿಡಕೊಳ್ಳಾಕ ಬೇಕು," ಎಂದರು ಮಾವ. "ಇಲ್ಲಾಂದ್ರ ಬೀಳತಿ."

"ನಂದು ಎರಡೂ ಕೈ ಲಿಂಗಕ್ಕ ಬೇಕು," ಎಂದರು ಅತ್ತೆ. "ನನ್ನ ಹಿಡಕೊಳ್ಳೂದು ನಿಮ್ಮ ನಾವಿ ಕೆಲಸ."

ಬಡಿಗರು ಹಾಸಿಗೆಯ ತಲೆಯ ಕಡೆ ಒಂದು ಗೂಡು ಮಾಡಿಕೊಟ್ಟರು. ಬೆನ್ನಿಗೊಂದು ಹಲಗೆ, ಎರಡು ಮಗ್ಗುಲಿಗೆ ಎರಡು ಹಲಗೆ, ಮೊಣಕಾಲಿನ ಮುಂದೆ ಒಂದು ಪಟ್ಟಿ. ಕುಳಿತರೆ ಮೈ ಯಾವ ಕಡೆಗೂ ಸರಿಯುತ್ತಿರಲಿಲ್ಲ. ಇಡೀ ದೋಣಿಯಲ್ಲಿ ಪುಸ್ತಕದ ನಕಾಶೆಯಷ್ಟು ಇಕ್ಕಟ್ಟಾಗಿದ್ದ ಜಾಗ ಅದೊಂದೇ.

ಹಾಯಿದೋಣಿ ಮಗುಚದೆ ಇರಬೇಕಾದರೆ ತಳದಲ್ಲಿ ತೂಕ ಬೇಕು. ಪುಸ್ತಕದಲ್ಲಿ ಸೀಸ ಎಂದು ಬರೆದಿತ್ತು. "ಕಲ್ಲಿನ ಸೀಮ್ಯಾಗ ಹುಟ್ಟಿ ತೂಕಕ್ಕ ಸೀಸ ಹುಡಕೂದೇನು?" ಎಂದ ಮಾವ, ಇಳಕಲ್ ಕಡೆಯ ಗಣಿಯಿಂದ ಕೆಂಪು ಕಲ್ಲು ತರಿಸಿದರು. ಕಲ್ಲು ಕೂರಿಸಲು ಬಾದಾಮಿಯಿಂದ ಒಬ್ಬ ಗೌಂಡಿ ಬಂದ. ನಮ್ಮ ಕಡೆ ಹಳೆಯ ಮನೆಗಳ ಗೋಡೆ ಕಟ್ಟುವುದು ಗಾರೆ ಸುಣ್ಣ ಇಲ್ಲದೆ. ಕಲ್ಲಿಗೆ ಕಲ್ಲು ಹೊಂದಿಸಿ, ಸಂದಿಗೆ ಚಕ್ಕೆ ಬಡಿದರೆ ಮುಗಿಯಿತು. ಅದರ ಭಾರವೇ ಅದನ್ನು ಹಿಡಿಯುತ್ತದೆ. ನಾವೆಲ್ಲ ಹುಟ್ಟಿ ಬೆಳೆದದ್ದು ಅಂಥ ಗೋಡೆಗಳ ನಡುವೆ. ಗೌಂಡಿ ದೋಣಿಯ ತಳದಲ್ಲಿ ಅದೇ ರೀತಿ ಕಲ್ಲು ಕೂರಿಸಿದ. ಕೆಲಸ ಮುಗಿದ ದಿನ ಮಾವನ ಕೈಗೆ ಒಂದು ದಬ್ಬಣ ಕೊಟ್ಟ.

"ಯಾವ ಸಂದಿಗರೆ ಹಾಕಿ ನೋಡ್ರಿ ಸಾವಕಾರ್ರ. ಕೂತ ಕಲ್ಲು ಕೂತಂಗ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲಗಾಡೂದಿಲ್ಲ."

ದಬ್ಬಣ ಎಲ್ಲಿಯೂ ಇಳಿಯಲಿಲ್ಲ. ಕಲ್ಲಿನ ಮೇಲೆ ನೆಲದ ಹಲಗೆ ಹಾಸಿದರು. ನೆಟ್ಟಗೆ ನಿಂತ ಗೋಡೆಯ ಮಾತು ಬೇರೆ, ಮಗ್ಗುಲಾಗುವ ಗೋಡೆಯ ಮಾತು ಬೇರೆ ಎಂದು ಕಣಕ್ಕೆ ಬಂದ ನೂರಾರು ಜನರಲ್ಲಿ ಒಬ್ಬರೂ ಹೇಳಲಿಲ್ಲ.

ವಾಲಿಸುವ ಯೋಚನೆ ಅತ್ತೆಯದು. 1981ರ ಯುಗಾದಿ ಮುಗಿದಿತ್ತು. ಅವರು ಮಾವನನ್ನು ಕೇಳಿದರಂತೆ: "ಸಮುದ್ರದಾಗ ಇದು ಹಿಂಗ ನೆಟ್ಟಗ ನಿಂದರತೈತೇನ್ರಿ?"

"ಎಲ್ಲೀದು. ಹಾಯಿಗೆ ಗಾಳಿ ಬಡದರ ಒಂದ ಮಗ್ಗಲಕ್ಕ ವಾಲತೈತಿ. ಒಂದೊಂದ ಸಲ ವಾರಗಟ್ಟಲೆ ಹಂಗ ಹೋಗಬೇಕು."

"ಹಂಗಾರ ಇಲ್ಲೇ ವಾಲಸ್ರಿ. ಮದುವಿಗೆ ಮುಂಚೆ ಮನಿ ನೋಡಾಕ ಬರತಾರೋ ಇಲ್ಲೋ? ನಾ ನಾಕ ದಿನ ಇದ್ದ ನೋಡತೇನಿ. ಆಮ್ಯಾಲ ಹೂಂ ಅಂತೇನಿ, ಇಲ್ಲಾ ಉಹೂಂ ಅಂತೇನಿ."

ಮಾವ ಜ್ಯಾಕ್ ತರಿಸಿದರು. ಒಂದು ಮಗ್ಗುಲಿನ ಆಸರೆ ಕಂಬಗಳನ್ನು ಗಿಡ್ಡ ಮಾಡಿ, ಇನ್ನೊಂದು ಮಗ್ಗುಲನ್ನು ಎತ್ತಿ, ದೋಣಿಯನ್ನು ಊರಿನ ಕಡೆಗೆ ವಾಲಿಸಿ ನಿಲ್ಲಿಸಿದರು. ಗಂಡ ಹೆಂಡತಿ ಹಾಸಿಗೆ, ಹಿಟ್ಟು, ನೀರಿನ ಕೊಡ ತೆಗೆದುಕೊಂಡು ಒಳಗೆ ಹೋದರು. ಊರು ಬೆರಗಾಗಿ ನೋಡಿತು. ಸ್ವಂತ ಮನೆ ಕೂಗಳತೆಯಲ್ಲಿದ್ದೂ ಇಬ್ಬರು ವಯಸ್ಸಾದವರು ಓರೆಯಾದ ಮರದ ಗೂಡಿನಲ್ಲಿ ಸಂಸಾರ ಹೂಡಿದ್ದರು.

ಎರಡನೆಯ ದಿನ ನಾನು ಹೋದೆ. ಅಷ್ಟು ಹೊತ್ತಿಗೆ ಹೊಸ ಮನೆ ನೋಡಲು ಬರುವಂತೆ ಊರಿನ ಹೆಂಗಸರೆಲ್ಲ ಅರಿಶಿನ ಕುಂಕುಮ ಹಿಡಿದು ಏಣಿ ಹತ್ತಿ ಇಳಿಯುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೆ ನಾನು ಜಾರಿ ಪಡಸಾಲೆಯ ಆ ಬದಿಗೆ ಹೋಗಿ ಬಿದ್ದೆ. ಕಣ್ಣು ಒಂದು ಹೇಳುತ್ತಿತ್ತು, ಕಾಲು ಇನ್ನೊಂದು. ಗೋಡೆ, ಕಟ್ಟೆ, ಕಪಾಟು ಎಲ್ಲವೂ ಓರೆ. ತೂಗುಹಾಕಿದ ಕಂದೀಲು, ಸರಪಳಿಗೆ ತೂಗಿಬಿಟ್ಟ ಸ್ಟೋವು, ಕೊಡದ ಒಳಗಿನ ನೀರು ಇವು ಮಾತ್ರ ನೆಟ್ಟಗೆ. ಅತ್ತೆ ಕಟ್ಟೆಯ ಮೂಲೆಗೆ ಬೆನ್ನು ಕೊಟ್ಟು, ಒಂದು ಕಾಲು ಎದುರಿನ ಕಂಬಕ್ಕೆ ಒತ್ತಿ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟು ತಗ್ಗಿನ ಕಡೆಗೆ ಜಾರುತ್ತಿತ್ತು. ಅವರು ಅದನ್ನು ಜಾರುವ ದಿಕ್ಕಿಗೆ ಎದುರಾಗಿ ಬಡಿಯುತ್ತಿದ್ದರು.

"ಕುಂದ್ರೋ ಅಳಿಯಾ. ಎಲ್ಲಿ ಬಿದ್ದೀಯೋ ಅಲ್ಲೇ ಕುಂದ್ರು. ಏಳಬ್ಯಾಡ, ಮತ್ತ ಬೀಳತಿ."

"ರಾತ್ರಿ ನಿದ್ದಿ ಹತ್ತಿತೇನ ಅತ್ತಿ?"

"ನನಗ ಹತ್ತಿತು. ಆ ಪೂಜಿ ಗೂಡಿನ್ಯಾಗ ಕುಂತಲ್ಲೇ ಮಲಗಿದ್ನಿ. ಹಾಸಿಗಿ ಮ್ಯಾಲ ಮಲಗಿದ್ರ ಇವರು ಉಳ್ಳಿ ಉಳ್ಳಿ ನನ್ನ ಮ್ಯಾಲ ಬರತಾರ."

ಏಣಿಯ ಬಾಯಲ್ಲಿ ಇಣುಕುತ್ತಿದ್ದ ನೆರೆಮನೆಯಾಕೆ ಬಿಡಲಿಲ್ಲ. "ಬರಲೇಳ ಯಕ್ಕಾ! ಮೂವತ್ತ ವರ್ಷ ಉಪಾಸ ಇದ್ದಾರ ಪಾಪ."

"ಅದಕ್ಕ ಹಿಂಗ ವಾಲಿಸ್ಯಾರ ನೋಡ," ಎಂದಳು ಇನ್ನೊಬ್ಬಳು. ಕಣದ ತುಂಬ ನಗೆ ಎದ್ದಿತು. ಮಾವ ಕೇಳಿಸಿಕೊಳ್ಳದವರಂತೆ ಹೊರಗಿನ ಕಂಬ ನೋಡಲು ಹೋದರು. ಅವರ ಮುಖ ಬಿಳಿಚಿತ್ತು. ಸರಕು ಹಡಗು ಅತ್ತ ಇತ್ತ ತೂಗುತ್ತದೆ, ಆದರೆ ಹೀಗೆ ಒಂದೇ ಮಗ್ಗುಲಾಗಿ ನಿಲ್ಲುವುದಿಲ್ಲ. ಓರೆ ನೆಲದ ಮೇಲೆ ಬದುಕುವುದು ಇಬ್ಬರಿಗೂ ಹೊಸದು. ಸಹಿಸಲಾಗದೆ ವಾಂತಿ ಮಾಡಿಕೊಂಡವರು ಮಾವ.

ನಾನು ಆ ಸಂಜೆಯೇ ಬಾಗಲಕೋಟೆಗೆ ಮರಳಿದ್ದೆ. ಮೂರನೆಯ ಬೆಳಿಗ್ಗೆ ಆದದ್ದನ್ನು ಅತ್ತೆ ಹೇಳಿದಂತೆ ಬರೆಯುತ್ತೇನೆ. ಹೊತ್ತು ಮೂಡಿತ್ತು. ಅವರು ಮಿಂದು ಬಂದು ಗೂಡಿನಲ್ಲಿ ಪೂಜೆಗೆ ಕುಳಿತಿದ್ದರು. ಮಾವ ಹಾಸಿಗೆಯ ಮೇಲಿದ್ದರು. ಕೆಳಗಿನಿಂದ ಹಲ್ಲಿ ಲೊಚಗುಟ್ಟಿದಂಥ ಸಣ್ಣ ಸದ್ದು ಬಂತು. ಎರಡು ದಿನ ಜನ ಹತ್ತಿ ಇಳಿದ ಅದುರಾಟಕ್ಕೆ ಸಂದಿಯ ಚಕ್ಕೆಗಳು ಒಂದೊಂದಾಗಿ ಉದುರುತ್ತಿದ್ದವು ಎಂದು ಆಮೇಲೆ ತಿಳಿಯಿತು. ನಂತರ ಬಂಡಿಯಿಂದ ಕಲ್ಲು ಸುರಿದಂಥ ಸದ್ದು. ತಳದ ಕಲ್ಲೆಲ್ಲ ತಗ್ಗಿನ ಮಗ್ಗುಲಿಗೆ ಒಮ್ಮೆಗೇ ಜಾರಿ, ಆ ಭಾರಕ್ಕೆ ಆಸರೆ ಕಂಬಗಳು ಮುರಿದು, ದೋಣಿ ಪೂರ್ತಿ ಮಗ್ಗುಲಾಗಿ ನೆಲಕ್ಕೆ ಬಡಿಯಿತು. ಅಗಲ ಹಾಸಿಗೆಯಲ್ಲಿ ಮಾವನನ್ನು ತಡೆಯುವಂಥದ್ದು ಏನೂ ಇರಲಿಲ್ಲ. ಅವರು ಪಡಸಾಲೆ ದಾಟಿ ಅಡುಗೆಮನೆಯ ಫರಸಿಯ ಮೇಲೆ ಹೋಗಿ ಬಿದ್ದರು. ನೆಲದ ಹಲಗೆ ಸೀಳಿಕೊಂಡು ಬಂದ ಕಲ್ಲೊಂದು ಅವರ ಕಾಲ ಮೇಲೆ ಬಿತ್ತು.

ಅತ್ತೆ ಗೂಡಿನಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿದ್ದರು. ಅಂಗೈಯ ಲಿಂಗ ಅಂಗೈಯಲ್ಲೇ ಇತ್ತು.

"ಚೀರಲಿಲ್ಲೇನ ಅತ್ತಿ?" ಎಂದು ನಾನು ಕೇಳಿದೆ.

"ಮೊದಲ ಲಿಂಗ ಕಟಗೊಂಡ್ನಿ. ಆಮ್ಯಾಲ ಚೀರಿದ್ನಿ."

ಮಾವನನ್ನು ಬಾಗಲಕೋಟೆಯ ದವಾಖಾನೆಗೆ ತಂದರು. ಬಾದಾಮಿಯಿಂದ ಅವ್ವ ಬಂದಳು. ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ಮಾವ ಛಾವಣಿ ನೋಡುತ್ತ ಮೊದಲು ಆಡಿದ ಮಾತು ಇದು: "ಅದನ್ನ ಒಡದ ಒಲಿಗೆ ಹಾಕ್ರಿ. ಅಕಿ ಆ ಕಲ್ಲಿನ ಬುಡಕ ಇದ್ದಿದ್ರ?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಸವಣ್ಣ ಕಾಲ ತಗೊಂಡ ಜೀವಾ ಉಳಿಸ್ಯಾನ. ನಮ್ಮ ತಮ್ಮನ್ನ ಮನ್ಯಾಗ ಕುಂದ್ರಿಸ್ಯಾನ. ಇಷ್ಟ ವರ್ಷಕ್ಕ ನಿನಗ ಗಂಡ ಸಿಕ್ಕ ನೋಡ ತಂಗಿ."

ಮಂಚದ ಕಾಲದೆಸೆಯಲ್ಲಿ ನಿಂತಿದ್ದ ಅತ್ತೆ ಹೇಳಿದರು: "ನಾವಿ ಒಡಿಯೂದು ಬ್ಯಾಡ್ರಿ."

ಅವ್ವ ತಲೆ ಎತ್ತಿದಳು. ಪಕ್ಕದ ಮಂಚದ ರೋಗಿಯೂ ಈ ಕಡೆ ತಿರುಗಿದ.

"ಹಾಸಿಗಿ ಅಗಲ ಭಾಳಾತು," ಎಂದರು ಅತ್ತೆ, ಅಂಗಡಿಯಲ್ಲಿ ಸೀರೆಯ ತಪ್ಪು ಹೇಳುವವರ ದನಿಯಲ್ಲಿ. "ಅಡಗಿಮನಿ ಅಗಲ ಭಾಳಾತು. ಆನಿಸಿ ನಿಂದ್ರಾಕ ಒಂದ ಗ್ವಾಡಿ ಹತ್ರ ಇಲ್ಲ. ಫರಸಿ ಮ್ಯಾಲ ಕಾಲ ನಿಂದ್ರೂದಿಲ್ಲ. ಎಲ್ಲಾ ನನ್ನ ಪೂಜಿ ಗೂಡಿನಂಗ ಮಾಡ್ರಿ. ಕಲ್ಲ ತಗೀರಿ. ಇಲ್ಲಾ, ಅಲಗಾಡಲಾರದಂಗ ಕಟ್ರಿ."

"ನಿನಗೂ ಹುಚ್ಚ ಹತ್ತಿತೇನ ಯವ್ವಾ?" ಎಂದಳು ಅವ್ವ. "ನಿನ್ನ ಗಂಡ ಬ್ಯಾಡಂತಾನ ಈಗ. ಕೇಳಿಲ್ಲೇನು? ಇನ್ನ ನೀ ಯಾರಿಗೆ ಅಂಜಿ ಹೂಂ ಅನ್ನೂದೈತಿ?"

"ಅಂಜಿ ಅಂದಾಕಿ ಅಲ್ರಿ ವೈನಿ. ಮೊದಲ ದಿನಾನೂ ಅಂಜಿ ಅಂದಿಲ್ಲ. ಮೂವತ್ತ ವರ್ಷ ಇವರು ಬರತಾರ ಅಂತ ಬಾಗಲದಾಗ ನಿಂತೆ. ಇವರು ಬಂದು ಒಳಗ ಕುಂತಾರ. ನಾ ಇನ್ನೂ ಬಾಗಲದಾಗ ನಿಂತೇನಿ. ನನಗೂ ಹೋಗೂದೈತಿ."

ಅವ್ವ ನನ್ನ ಮುಖ ನೋಡಿದಳು. ನಾನು ಮಾವನ ಮುಖ ನೋಡಿದೆ. ಮೂರು ವರ್ಷ ಇಡೀ ಬಳಗ ಆಕೆ ಹೇಗೆ ತಪ್ಪಿಸಿಕೊಂಡಾಳು ಎಂದೇ ಮಾತಾಡಿತ್ತು. ಆಕೆಗೆ ಹೋಗುವ ಮನಸ್ಸಿದೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಮಾವನಿಗೂ ಹೊಳೆದಿರಲಿಲ್ಲ ಎಂದು ಅವರ ಬಾಯಿ ತೆರೆದಿದ್ದ ರೀತಿಯಿಂದ ತಿಳಿಯಿತು.

ಆ ಸಂಜೆ ನಾನು ಎರಡು ಪ್ಯಾರಾ ಸುದ್ದಿ ಕಳಿಸಿದೆ. ಮರುದಿನದ ಪತ್ರಿಕೆಯಲ್ಲಿ ಅಪಘಾತ ನಡೆದ ಸ್ಥಳ ಹೊನ್ನಾವರ ಎಂದು ಅಚ್ಚಾಗಿತ್ತು. ಡೆಸ್ಕಿಗೆ ಟ್ರಂಕ್ ಕಾಲ್ ಮಾಡಿದೆ. ಆ ದಿನ ಪಾಳಿಯಲ್ಲಿದ್ದ ಉಪಸಂಪಾದಕರು ಹೇಳಿದರು: "ಹುನಗುಂದದಾಗ ಸಮುದ್ರದ ಹಡಗ ಎಲ್ಲಿಂದ ಬರಬೇಕೋ ಮಾರಾಯಾ? ನೀ ಅವಸರದಾಗ ಬರದಿ ಅಂತ ತಿದ್ದಿದೆ." ತಿದ್ದುಪಡಿ ಪ್ರಕಟವಾಯಿತು. ಅದನ್ನು ಓದಿ ಕೆಲವರು ಹುನಗುಂದಕ್ಕೆ ಬಂದು ದೋಣಿ ನೋಡಿ ಹೋದರು.

ಮಾವನ ಎಡಗಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕೋಲು ಹಿಡಿದು ಕಣಕ್ಕೆ ಬರತೊಡಗಿದರು. ಮೊದಮೊದಲು ಸುಮ್ಮನೆ ಕೂರುತ್ತಿದ್ದರು. ಬಡಿಗರ ಹತ್ತಿರ ಮಾತಾಡುತ್ತಿದ್ದವರು ಅತ್ತೆ. ಕಲ್ಲು ಹೊರಗೆ ಬಂತು. ತಳಕ್ಕೆ ಕಬ್ಬಿಣದ ತುಂಡು ತುಂಬಿ, ಸಿಮೆಂಟು ಸುರಿದು, ಮೇಲೆ ಅಡ್ಡ ತೊಲೆ ಹಾಕಿ ಬೋಲ್ಟು ಬಿಗಿದರು. ಹಾಸಿಗೆ ಎರಡಾಯಿತು, ಒಂದೊಂದು ಒಂದು ಮೈಯಷ್ಟೇ ಅಗಲ, ಪಕ್ಕಕ್ಕೆ ಏರಿಸುವ ಹಲಗೆ. ಪಡಸಾಲೆ ಹೋಯಿತು. ಅಡುಗೆಮನೆ ಒಬ್ಬರು ನಿಂತರೆ ಮುಂದೆ ಕಟ್ಟೆ, ಬೆನ್ನಿಗೆ ಪಟ್ಟಿ ತಾಗುವಷ್ಟು ಕಿರಿದಾಯಿತು. ಮೂಲೆಗಳೆಲ್ಲ ಗುಂಡಗಾದವು. ಮುಗಿದಾಗ ಅದು ಹೆಚ್ಚು ಕಡಿಮೆ ಪುಸ್ತಕದ ನಕಾಶೆಯಂತೆಯೇ ಇತ್ತು. ಮಾವ ಆ ಪುಟವನ್ನು ಇನ್ನೊಮ್ಮೆ ತೆಗೆದು ನೋಡಿ ಮುಚ್ಚಿದರು.

ಮತ್ತೆ ವಾಲಿಸಿದರು. ಈ ಸಲ ಒಂದು ವಾರ ಒಂದು ಕಡೆಗೆ, ಇನ್ನೊಂದು ವಾರ ಇನ್ನೊಂದು ಕಡೆಗೆ. ನೋಡುವವರಿಗೆ ಏಣಿ ಹತ್ತಲು ಬಿಡಲಿಲ್ಲ. ಬಿಟ್ಟದ್ದು ಅವ್ವನನ್ನು ಮಾತ್ರ. ಆಕೆ ತಮ್ಮನ ಹೆಂಡತಿಗೆ ಬುದ್ಧಿ ಹೇಳಲೆಂದು ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಬಂದಿದ್ದಳು. ಏಣಿಯಿಂದ ಇಳಿದವಳು ನೇರವಾಗಿ ಇಕ್ಕಟ್ಟಿನ ಹಾಸಿಗೆಯಲ್ಲಿ ಬಿದ್ದಳು. ಬಿದ್ದವಳು ಏಳಲಿಲ್ಲ.

"ಏನಾತ್ರಿ ವೈನಿ?"

"ತಡೀ. ಬೆನ್ನಿಗೆ ಛಲೋ ಅನಸಾಕ ಹತ್ತೇತಿ."

ಅತ್ತೆ ಕರದಂಟಿನ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಡಬ್ಬಿಗೆ ತುಂಬಿದರು. "ಇದು ಕೆಡೂದಿಲ್ಲ. ಖಡಕ್ ರೊಟ್ಟಿನೂ ಕೆಡೂದಿಲ್ಲ. ಪುಸ್ತಕದಾಗ ಬಿಳಿ ಮಂದಿಗೆ ಬಿಸ್ಕೂಟ ಒಯ್ರಿ ಅಂತ ಬರದೈತಂತ. ಬಿಸ್ಕೂಟ ಯಾರಿಗೆ ಬೇಕ್ರಿ?"

ಅವ್ವ ಹೇಳಬೇಕೆಂದು ತಂದ ಬುದ್ಧಿಮಾತನ್ನು ಹೇಳದೆಯೇ ಬಾದಾಮಿಗೆ ಮರಳಿದಳು. ಹಿರಿಯ ಬಡಿಗ ಮಾತ್ರ ಮಾವನನ್ನು ಬಿಡಲಿಲ್ಲ. "ಸಾವಕಾರ್ರ, ನೀವು ಊರಾಗ ಕುಂಟತೀರಿ. ನಾವಿ ಎಡಕ್ಕ ವಾಲಿದಾಗ ಮುಂದಿನ ಮೂಕಿ ಕಡೆ ಮಾರಿ ಮಾಡಿ ನಡದ್ರ ಇನ್ನೂ ಕುಂಟತೀರಿ. ಬಲಕ್ಕ ವಾಲಿದಾಗ ನೋಡ್ರಿ, ನೆಟ್ಟಗ ಹೊಕ್ಕೀರಿ. ಬಲಗಡೆ ವಾಲಸಕೋತನ ಹೋಗ್ರಿ." ಆ ಅಪಘಾತದ ನಂತರ ಮಾವ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

1983ರ ಜನವರಿಯಲ್ಲಿ ದೋಣಿಯನ್ನು ಲಾರಿಯ ಮೇಲೇರಿಸಿ ಕಾರವಾರಕ್ಕೆ ಸಾಗಿಸಿದರು. ಊರು ದಾಟುವವರೆಗೆ ಜನ ರಸ್ತೆಯ ಎರಡು ಬದಿಗೆ ನಿಂತಿದ್ದರು. ಜೈಕಾರ ಇರಲಿಲ್ಲ, ಅಳುವೂ ಇರಲಿಲ್ಲ. ಆಲದ ಕೊಂಬೆಗಳನ್ನು ಉಜ್ಜಿಕೊಂಡು ದೋಣಿಯೊಂದು ಬಿಸಿಲಿನಲ್ಲಿ ಸಾಗಿದ್ದನ್ನು ಬಾಯಿ ತೆರೆದು ನೋಡಿದರು.

ಕಾರವಾರದಲ್ಲಿ ದೋಣಿ ನೀರಿಗಿಳಿಯಿತು. ನಾನು, ಅವ್ವ ಹೋಗಿದ್ದೆವು. ಅತ್ತೆ ಸಮುದ್ರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. ಮಾವನ ಹಳೆಯ ಜೊತೆಗಾರನೊಬ್ಬ ರತ್ನಾಗಿರಿಯಿಂದ ಬಂದಿದ್ದ. ಅವನು ಎಂಜಿನ್ ಕೋಣೆ ಬಿಟ್ಟ ಮೇಲೆ ಹಾಯಿದೋಣಿಯಲ್ಲಿ ಮೀನು ಹಿಡಿಯುತ್ತಿದ್ದವನು. ಮುಂಬೈವರೆಗೆ ಜೊತೆಗಿದ್ದು ಹಾಯಿ ಕಲಿಸುವುದು ಎಂದು ಮಾತಾಗಿತ್ತು. ಹೊರಡುವ ಮುನ್ನಾ ದಿನ ಮಧ್ಯಾಹ್ನ ಮಾವ ದಡದಲ್ಲಿ ನಿಂತು ಅತ್ತೆಗೆ ಹೇಳಿದರು:

"ಮುಂಬೈ ತನಕಾ ನಾವಿಬ್ಬರು ಗಂಡಸರು ಒಯ್ಯತೇವಿ. ಖರೇ ಗಾಳಿಯಾಗ ಇದು ಹ್ಯಾಂಗ ನಡಕೊಳ್ಳತೈತೋ ಗೊತ್ತಿಲ್ಲ. ನೀ ಅಳಿಯನ ಜೋಡಿ ಬಸ್ಸಿನ್ಯಾಗ ಬಾ."

ಅತ್ತೆ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ಹಲಗೆಯ ಮೇಲೆ ಹೆಜ್ಜೆ ಇಟ್ಟಾಗಿತ್ತು. ದೋಣಿಯೊಳಗೆ ಇಳಿದು, ಬುಟ್ಟಿ ಕೆಳಗಿಟ್ಟು, ತಲೆ ಹೊರಗೆ ಹಾಕಿದರು.

"ಕಾಲ ನೋವು ನಿಮಗೈತಿ. ನೀವ ಬಸ್ಸಿನ್ಯಾಗ ಬರ್ರಿ."

ರತ್ನಾಗಿರಿಯವನಿಗೆ ಕನ್ನಡ ಬರುತ್ತಿರಲಿಲ್ಲ. ಮಾವನ ಮುಖ ನೋಡಿ ಅವನಿಗೆ ಅರ್ಥವಾಯಿತು. ಮಾವ ಕೋಲು ಊರಿಕೊಂಡು ಹಲಗೆ ಹತ್ತಿದರು. ಅವ್ವ ಮರಳಿನ ಮೇಲೆ ಕುಸಿದು ಕುಳಿತಳು. "ಹೋದಳಲ್ಲೋ," ಎಂದು ನನ್ನ ಕಡೆ ತಿರುಗಿದಳು. "ಖರೇನ ಹೋದಳಲ್ಲೋ ತಮ್ಮಾ." ಇನ್ನೂ ನಂಬಿಕೆ ಬಾರದವರ ದನಿ ಅದು.

ಮರುದಿನ ಬೆಳಿಗ್ಗೆ ಅವರು ಹೊರಟರು. ಗೋವೆಯಲ್ಲಿ ಎರಡು ದಿನ ನಿಂತು ಮುಂಬೈ ಮುಟ್ಟಿದರು. ಆ ವರ್ಷದ ಮತ್ತು ಮರುವರ್ಷದ ಮಳೆಗಾಲಗಳನ್ನು ಅಲ್ಲಿಯೇ, ಲಂಗರು ಹಾಕಿದ ದೋಣಿಯಲ್ಲೇ ಕಳೆದರು. ರತ್ನಾಗಿರಿಯವನು ಅವರಿಗೆ ಹಾಯಿ ಕಲಿಸಿ ಇಳಿದುಹೋದ. 1984ರ ಡಿಸೆಂಬರ್‌ನಲ್ಲಿ ದೋಣಿ ಮುಂಬೈ ಬಿಟ್ಟಿತು.

1987ರಲ್ಲಿ ರತ್ನಾಗಿರಿಯವನ ಮಗ ಬಾಗಲಕೋಟೆಗೆ ಬಂದಿದ್ದ. ಅವನೂ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಆ ವರ್ಷ ಏಪ್ರಿಲ್‌ನಲ್ಲಿ ಆಫ್ರಿಕಾ ಕಡೆಯ ಸೇಶೆಲ್ಸ್ ದ್ವೀಪದ ವಿಕ್ಟೋರಿಯಾ ಬಂದರಿನಲ್ಲಿ ಮಾವನ ದೋಣಿ ಲಂಗರು ಹಾಕಿದ್ದನ್ನು ಕಂಡೆ ಎಂದು ಹೇಳಿದ. ದೋಣಿಯಲ್ಲಿ ಇಬ್ಬರೂ ಇದ್ದರು. ಅತ್ತೆ ಹಾಯಿಗೆ ತೇಪೆ ಹಾಕುತ್ತಿದ್ದರು. ಗಾಳಿ ತಿರುಗಿದ ಮೇಲೆ ಅಲ್ಲಿಂದ ಹೊರಡುವುದಾಗಿ ಅವನಿಗೆ ತಿಳಿಸಿದರಂತೆ.